ಬೋರಲು ಹಾಕಿದ ಲೋಟ

ನಮ್ಮೂರಲ್ಲಿ ಸಂಜೆ ಇಲ್ಲ. ಮಧ್ಯಾಹ್ನದ ಬಿಸಿಲು ಆರು ಗಂಟೆಯ ತನಕ ಹಾಗೇ ನಿಂತಿರುತ್ತದೆ, ಆಮೇಲೆ ಅಂಗಡಿಯ ಶಟರ್ ಎಳೆದ ಹಾಗೆ ಕತ್ತಲು ಬೀಳುತ್ತದೆ. ಹೊರಗಿನಿಂದ ಬಂದವರು ಮೊದಲ ವಾರ ಎಡವಿ ಮೊಣಕಾಲು ತರಚಿಕೊಳ್ಳುತ್ತಾರೆ. ನಮಗೆ ರೂಢಿಯಾಗಿದೆ. ಐದೂ ಮುಕ್ಕಾಲಿಗೆ ಒಣಹಾಕಿದ ಬಟ್ಟೆ ಒಳಗೆ ತರುತ್ತೇವೆ, ಮಕ್ಕಳ ತಲೆ ಎಣಿಸುತ್ತೇವೆ, ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು ನಿಲ್ಲುತ್ತೇವೆ. ಇಡೀ ಊರಿಗೆ ವರ್ಷಕ್ಕೆ ನೂರಿಪ್ಪತ್ತು ಸಂಜೆ ಬರುತ್ತವೆ. ಯಾರ ಹೆಸರಿಗೆ ಬಂದವೋ ಅವರ ಅಂಗಳದಲ್ಲಿ ಮಾತ್ರ, ಅವರು ಬೇಕೆಂದ ದಿನ, ಬಿಸಿಲು ಮೆತ್ತಗಾಗಿ ಗೋಡೆ ಕೆಂಪಾಗಿ ಒಂದು ಗಂಟೆಯಷ್ಟು ಹೊತ್ತು ನಿಧಾನಕ್ಕೆ ಕತ್ತಲಾಗುತ್ತದೆ. ಪಕ್ಕದ ಮನೆಯ ಅಂಗಳದಲ್ಲಿ ಆಗಲೇ ಕಗ್ಗತ್ತಲು ಇರುತ್ತದೆ.

ಈ ಸಂಜೆಗಳನ್ನು ಹಿಂದೆ ಚೀಟಿ ಎತ್ತಿ ಕೊಡುತ್ತಿದ್ದರಂತೆ. ಚೀಟಿಯಲ್ಲಿ ಮೋಸವಾಯಿತೆಂದು ಎರಡು ಓಣಿಯವರು ಹೊಡೆದಾಡಿಕೊಂಡ ಮೇಲೆ, ಯಾರೋ ರೈಲ್ವೆ ಗಾರ್ಡು ಕಲಿಸಿಕೊಟ್ಟ ಪೋಕರ್ ಆಟಕ್ಕೆ ಊರು ಒಪ್ಪಿತು. ವಾಚನಾಲಯದ ಹಜಾರದಲ್ಲಿ ಒಂಬತ್ತು ದಿನ ಪಂದ್ಯ. ಕೊನೆಯ ಮೇಜಿನಲ್ಲಿ ಮೂವರು ಉಳಿದರೆ ಮೊದಲನೆಯವರಿಗೆ ಎಂಬತ್ತು ಸಂಜೆ, ಎರಡನೆಯವರಿಗೆ ಮೂವತ್ತು, ಮೂರನೆಯವರಿಗೆ ಹತ್ತು. ಎಲೆ ಹಂಚುವವನು ನಾನು, ರಾಚಣ್ಣ. ನನ್ನ ಹೊಟ್ಟೆಪಾಡಿನ ಕೆಲಸ ಪುಸ್ತಕಗಳಿಗೆ ರಟ್ಟು ಕಟ್ಟುವುದು. ಕಾಗದ ಮುಟ್ಟಿ ಮುಟ್ಟಿ ಪಳಗಿದ ಕೈ ಎಂದು ಮೂವತ್ತು ವರ್ಷದ ಹಿಂದೆ ಹಿರಿಯರು ಆ ಕುರ್ಚಿಯಲ್ಲಿ ಕೂರಿಸಿದರು, ಇನ್ನೂ ಎಬ್ಬಿಸಿಲ್ಲ. ಎಲೆ ಹಂಚುವವನ ಮನೆಯವರು ಆಡುವಂತಿಲ್ಲ. ಈ ನಿಯಮ ನನ್ನನ್ನು ಚುಚ್ಚಿದ್ದು ಒಂದೇ ವರ್ಷ, ಅದರ ಕಥೆಯನ್ನೇ ಹೇಳುತ್ತಿದ್ದೇನೆ.

ನನ್ನ ಮಗಳು ಕಸ್ತೂರಿ ವೇಣೂಬಾಯಿ ಅಕ್ಕೋರ ಹತ್ತಿರ ಒಂಬತ್ತು ವರ್ಷ ಸಂಗೀತ ಕಲಿತಿದ್ದಳು. ಬೆಳಗಿನ ರಾಗಗಳು ಬಂದವು, ಮಧ್ಯಾಹ್ನದವು ಬಂದವು, ರಾತ್ರಿಯವೂ ಬಂದವು. ಮಾರವಾ ಒಂದು ಉಳಿಯಿತು. ಅದು ಹೊತ್ತು ಮುಳುಗುವಾಗ ಹಾಡುವ ರಾಗ, ನಮ್ಮೂರಲ್ಲಿ ಹೊತ್ತು ಮುಳುಗುವುದಿಲ್ಲ, ಬಿದ್ದುಹೋಗುತ್ತದೆ. ಅಕ್ಕೋರು ಹುಡುಗಿಯಾಗಿದ್ದಾಗ ದೂರದ ಊರಲ್ಲಿ ತಮ್ಮ ಗುರುಗಳ ಎದುರು ನಲವತ್ತು ಸಂಜೆ ಕೂತು ಅದನ್ನು ಕಲಿತವರು. ಆ ರಾಗದಲ್ಲಿ ಗುರುಗಳು ಕಟ್ಟಿದ ಹಾಡು, ಅವರ ಮಾತಲ್ಲಿ ಚೀಜು, ಅವರೊಬ್ಬರ ಗಂಟಲಲ್ಲಿ ಮಾತ್ರ ಉಳಿದಿತ್ತು. ಮಧ್ಯಾಹ್ನ ಕದ ಹಾಕಿಕೊಂಡು ಕಲಿಸಿಬಿಡಿ ಎಂದು ನಾನೇ ಒಮ್ಮೆ ಹೇಳಿ ಬೈಸಿಕೊಂಡೆ. "ಹೊತ್ತಲ್ಲದ ಹೊತ್ತಿನಾಗ ಹಾಡಿದ್ರ ಸ್ವರ ಬರ್ತಾವ ರಾಚಣ್ಣ, ರಾಗ ಬರಂಗಿಲ್ಲ. ನೀ ಅಂಟು ಆರೂಕಿಂತ ಮದ್ಲ ಪುಸ್ತಕ ತೆಗದು ಓದ್ತೀಯೇನು?" ಅಂದರು. ಬೇರೆಯವರ ಸಂಜೆಯಲ್ಲಿ ಕೂತು ಕಲಿಸಲೂ ಒಪ್ಪಲಿಲ್ಲ. ಇನ್ನೊಬ್ಬರ ಅಂಗಳದ ಸಂಜೆಯಲ್ಲಿ ಬಹಳ ಹೊತ್ತು ಕೂರುವುದು ನಮ್ಮೂರಲ್ಲಿ ಮರ್ಯಾದೆಯಲ್ಲ.

ಆ ವರ್ಷ ಡಾಕ್ಟರು ಅಕ್ಕೋರ ಗಂಟಲಲ್ಲಿ ಗಂಟು ಇದೆ ಎಂದರು. ಎರಡು ತಿಂಗಳಲ್ಲಿ ಆಪರೇಷನ್ ಆಗಬೇಕು, ಜೀವಕ್ಕೆ ಭಯವಿಲ್ಲ, ಆದರೆ ಆಮೇಲೆ ಹಾಡು ಇಲ್ಲ. ವಾರಕ್ಕೆರಡು ಸಲ ದವಾಖಾನೆಗೆ ಹೋಗಬೇಕಾದ್ದರಿಂದ ಬೇರೆ ಊರಿಗೆ ಹೋಗಿ ಇರುವಂತೆಯೂ ಇರಲಿಲ್ಲ. ಮಾರನೆಯ ದಿನ ಅಕ್ಕೋರು ನನ್ನ ಅಂಗಡಿಗೆ ಬಂದು, ರಟ್ಟಿನ ಕಟ್ಟಿನ ಮೇಲೆ ಕೂತು, "ನನಗ ಪೋಕರ್ ಕಲಸು" ಅಂದರು. ಅವರಿಗೆ ಎಪ್ಪತ್ತಮೂರು ವರ್ಷ. ಇಸ್ಪೀಟಿನ ರಾಜ ಯಾವುದು ಗುಲಾಮ ಯಾವುದು ಎನ್ನುವುದೂ ಗೊತ್ತಿರಲಿಲ್ಲ. ಒಳ್ಳೆಯ ಎಲೆ ಬರುವ ತನಕ ಸುಮ್ಮನೆ ಕಾಯುವುದೇ ಈ ಆಟದ ಗುಟ್ಟು ಎಂದು ನಾನು ಶುರುಮಾಡಿದೆ. "ಕಾಯೂದನ್ನ ನೀ ನನಗ ಕಲಸ್ತೀಯೇನು? ಎಲಿ ಹೆಸರ ಹೇಳು ಸಾಕು" ಅಂದರು.

ಅವರು ಕೊನೆಯ ಮೇಜಿಗೆ ಬಂದೇ ಬಂದರು. ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟಿತು. ಅಲ್ಲಿ ಅವರ ಜೊತೆ ಉಳಿದವರು ಇಬ್ಬರು. ಒಬ್ಬ ಗಾದಿ ಹೊಲಿಯುವ ಇಮಾಮಸಾಬ, ನನ್ನ ಓಣಿಯವನೇ. ಇಡೀ ದಿನ ಹತ್ತಿಯ ಧೂಳಿನಲ್ಲಿ ಇದ್ದವನಿಗೆ ಅಂಗಳದಲ್ಲಿ ಮಂಚ ಹಾಕಿಕೊಂಡು ತಂಪುಹೊತ್ತಿನಲ್ಲಿ ಮೈಚೆಲ್ಲುವ ಆಸೆ. ಇನ್ನೊಬ್ಬರು ಅಂಕೇಗೌಡರು, ಕೆಳಗಿನ ಸೀಮೆಯಿಂದ ಏಳು ತಿಂಗಳ ಹಿಂದೆ ವರ್ಗವಾಗಿ ಬಂದ ಪೋಸ್ಟ್ ಮಾಸ್ತರು. ಅವರ ಹೆಂಡತಿ ಚೆಲುವಮ್ಮನಿಗೆ ನಮ್ಮೂರು ಒಗ್ಗಲಿಲ್ಲ. ಮುಸ್ಸಂಜೆಯಲ್ಲಿ ಹೊಸಿಲಿಗೆ ದೀಪ ಇಡುವ ಮನೆಯಿಂದ ಬಂದಾಕೆ. ಇಲ್ಲಿ ದೀಪ ಹಿಡಿದು ಬಾಗಿಲಲ್ಲಿ ನಿಂತರೆ ಒಂದೋ ಕಣ್ಣು ಕುಕ್ಕುವ ಬಿಸಿಲು, ಇಲ್ಲವೇ ತಟ್ಟನೆ ಬಿದ್ದ ಕತ್ತಲು. ಆ ನಡುವಿನ ಗಳಿಗೆ ಒಂದು ದಿನವೂ ಕೈಗೆ ಸಿಕ್ಕಲಿಲ್ಲವೆಂದು ಅಳುತ್ತಿದ್ದಳಂತೆ. ಗೌಡರು ಮತ್ತೆ ವರ್ಗಕ್ಕೆ ಅರ್ಜಿ ಹಾಕಿದ್ದರು, ಆದೇಶ ಬರಲು ಮೂರು ತಿಂಗಳಾದರೂ ಬೇಕು. ಎಂಬತ್ತು ಸಂಜೆ ಗೆದ್ದರೆ ಅಲ್ಲಿಯ ತನಕ ಹೇಗೋ ತಳ್ಳಬಹುದೆಂದು ಆಡಲು ಬಂದವರು.

ಕೊನೆಯ ಮೇಜಿನಲ್ಲಿ ಪಾಲು ಮಾಡಿಕೊಳ್ಳುವ ಪದ್ಧತಿ ಉಂಟು. ಅದಕ್ಕೊಂದು ರೀತಿನೀತಿ ಇದೆ, ಎಲ್ಲೂ ಬರೆದಿಟ್ಟಿಲ್ಲ, ಇಲ್ಲಿ ಹುಟ್ಟಿದವರಿಗೆ ತಾನಾಗಿ ಗೊತ್ತಿರುತ್ತದೆ. ಹಂಚಿಕೊಳ್ಳೋಣ ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಚಹಾ ಕುಡಿದ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಬೇಕು. ಎಲೆ ಹಂಚುವವನು ಅದನ್ನು ನೋಡಿ "ಲೋಟ ಬಿತ್ತು" ಎಂದು ಕೂಗಬೇಕು. ಒಪ್ಪದವರು ತಮ್ಮ ಲೋಟಕ್ಕೆ ಇನ್ನಷ್ಟು ಚಹಾ ಹಾಕಿಸಿಕೊಳ್ಳುತ್ತಾರೆ, ಮುಗಿಯಿತು, ಯಾಕೆ ಎಂದು ಯಾರೂ ಕೇಳುವುದಿಲ್ಲ. ಒಪ್ಪಿದರೆ, ಪಣಕ್ಕೊಡ್ಡುವ ಬಿಲ್ಲೆ ಕಡಿಮೆ ಇದ್ದವರಿಂದ ಶುರುವಾಗಿ ಒಬ್ಬೊಬ್ಬರೇ ತಮಗೆಷ್ಟು ಸಂಜೆ ಬೇಕು ಎಂದು ಹೇಳುತ್ತಾರೆ. ಲೋಟ ಹಾಕಿದವರು ಚೌಕಾಶಿ ಮಾಡುವಂತಿಲ್ಲ, ಉಳಿದದ್ದು ಅವರಿಗೆ. ಯಾತಕ್ಕೆ ಅಷ್ಟು ಬೇಕು ಅಂತ ಕೇಳುವುದಂತೂ ಮಹಾ ಅಸಭ್ಯ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಬಿಲ್ಲೆ ಕಡಿಮೆ ಇದ್ದವರು ಲೋಟ ತಿರುಗಿಸಬಾರದು. ಅದು ಕೈಚಾಚಿ ಬೇಡಿದ ಹಾಗೆ. ಬಿಲ್ಲೆ ಹೆಚ್ಚಿದ್ದವರು ತಿರುಗಿಸಬಹುದು, ಆದರೆ ಗೆಲ್ಲುವ ಆಟವನ್ನು ಯಾರು ಬಿಡುತ್ತಾರೆ? ಮೂವತ್ತು ವರ್ಷದಲ್ಲಿ ನಾನೊಂದು ಸಲವೂ ನೋಡಿರಲಿಲ್ಲ.

ಆವತ್ತು ಮಧ್ಯಾಹ್ನ ಮೂರರ ಹೊತ್ತಿಗೆ ಗೌಡರ ಮುಂದೆ ಬಿಲ್ಲೆಯ ಗುಡ್ಡೆಯೇ ಬಿದ್ದಿತ್ತು. ಇಮಾಮಸಾಬನ ಮುಂದೆ ಅದರ ಕಾಲುಭಾಗ. ಅಕ್ಕೋರ ಮುಂದೆ ಆರು ಬಿಲ್ಲೆ. ಎರಡು ಆಟ ಸುಮ್ಮನೆ ಕೂತರೂ ಅವು ಕರಗಿ ಹೋಗುವಂಥವು. ಗೋಡೆಗೆ ಒರಗಿ ನಿಂತಿದ್ದ ಕಸ್ತೂರಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಹತ್ತು ಸಂಜೆಯಲ್ಲಿ ಮಾರವಾದ ಹೊಸಿಲನ್ನೂ ದಾಟಲು ಆಗುವುದಿಲ್ಲ. ಅಕ್ಕೋರು ಮಾತ್ರ ತಂಬೂರಿಯ ಹಿಂದೆ ಕೂತಂತೆ ನೆಟ್ಟಗೆ ಕೂತಿದ್ದರು. ಅವರ ಲೋಟ ಎದುರಿಗೇ ಇತ್ತು, ಖಾಲಿಯಾಗಿ ಬಹಳ ಹೊತ್ತಾಗಿತ್ತು, ಅದರ ಕಡೆ ಅವರು ಕಣ್ಣು ಕೂಡ ಹಾಯಿಸಲಿಲ್ಲ.

ಚಹಾದ ಕಿಟ್ಲಿ ಇನ್ನೊಂದು ಸುತ್ತು ಬಂತು. ಗೌಡರು ತಮ್ಮ ಲೋಟದಲ್ಲಿ ಉಳಿದಿದ್ದ ಗುಟುಕನ್ನು ಮುಗಿಸಿ, ಟಕ್ಕನೆ ಮೇಜಿನ ಮೇಲೆ ಬೋರಲು ಹಾಕಿದರು.

ಇಮಾಮಸಾಬನ ಕೈಯಿಂದ ಎಲೆ ಜಾರಿತು. ಆದರೆ ಈ ಮನುಷ್ಯ ಹಾಗೆ ಲೋಟ ಹಾಕುವುದನ್ನು ನಾನು ದಿನಾ ನೋಡುತ್ತಿದ್ದೆ. ಪೋಸ್ಟಾಫೀಸಿನ ಎದುರಿನ ಚಹಾದಂಗಡಿಯಲ್ಲಿ ಅವರಿಗೆ ಎರಡನೇ ಚಹಾ ಬೇಡವಾದರೆ ಹೀಗೇ ಬೋರಲು ಹಾಕುತ್ತಿದ್ದರು. ಅದು ಅವರ ಕಡೆಯ ಅಭ್ಯಾಸ. ಅವರಿಗೆ ಚಹಾ ಬೇಡವಾಗಿತ್ತು, ಅಷ್ಟೇ. ನಾನು ಕೆಮ್ಮಬಹುದಿತ್ತು. ಗೌಡ್ರೇ, ಲೋಟ ಎತ್ತಿ ಎಂದು ಪಿಸುಗುಡಬಹುದಿತ್ತು. ಅದನ್ನು ಬಿಟ್ಟು ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. "ಲೋಟ ಬಿತ್ತು!" ಎಂದು ಕೂಗಿಬಿಟ್ಟೆ. ನನ್ನ ದನಿ ಬೀದಿಯ ತನಕ ಕೇಳಿಸಿರಬೇಕು.

ಜನ ಚಪ್ಪಾಳೆ ತಟ್ಟಿದರು. ಒಬ್ಬ ಮುದುಕ ಬಂದು ಗೌಡರ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಗೌಡರು ಏನೋ ಒಳ್ಳೆಯದಾಗಿದೆ ಎಂಬಂತೆ ನಕ್ಕರು. ಅಕ್ಕೋರು ಸೆರಗು ಸರಿಮಾಡಿಕೊಂಡರು. ಆರು ಬಿಲ್ಲೆ ಇಟ್ಟುಕೊಂಡು ಹತ್ತಕ್ಕಿಂತ ಹೆಚ್ಚು ಕೇಳುವುದು ಸಭ್ಯತೆಯಲ್ಲ ಎಂದು ಅವರಿಗೆ ಗೊತ್ತಿತ್ತು. ತಲೆ ತಗ್ಗಿಸಿ, ಜೀವಮಾನದಲ್ಲಿ ಯಾರ ಎದುರೂ ಇಳಿಸದ ದನಿಯನ್ನು ಇಳಿಸಿ ಹೇಳಿದರು, "ನಲವತ್ತು."

ಇಮಾಮಸಾಬ ಗಡ್ಡ ಕೆರೆದುಕೊಂಡು, "ನನಗ ಮೂವತ್ತ ಸಾಕ್ರಿ. ಎರಡ್ನೇ ನಂಬರ್ ಬಂದ್ರೂ ಅಷ್ಟ ಬರ್ತಿದ್ವು" ಎಂದ. ಹಾಗಾದರೆ ಲೋಟ ಹಾಕಿದವರಿಗೆ ಐವತ್ತು. ನಾನು ಕಾಗದ ತೆಗೆದು ಮೂರು ಹೆಸರು ಬರೆದೆ. ಮೂವರೂ ಸಹಿ ಹಾಕಿದರೆ ಆಯಿತು, ಆಮೇಲೆ ಬ್ರಹ್ಮ ಬಂದರೂ ಬದಲಾಗುವುದಿಲ್ಲ. ಅಕ್ಕೋರು ಸಹಿ ಹಾಕಿದರು. ಇಮಾಮಸಾಬ ಹಾಕಿದ. ಗೌಡರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ನನ್ನನ್ನು ನಂಬಿದ ಕಣ್ಣು ಅವು, ಊರಿನ ನಿಯಮ ತನಗೆ ತಿಳಿಯದು, ಎಲೆ ಹಂಚುವವನಿಗೆ ತಿಳಿದಿರುತ್ತದೆ ಎಂದು ನಂಬಿದ ಕಣ್ಣು. ನನ್ನಿಂದ ತಡೆಯಲಾಗಲಿಲ್ಲ.

"ಗೌಡ್ರ, ಸ್ವಲ್ಪ ತಡೀರಿ," ಎಂದೆ. "ನಿಮಗ ಚಹಾ ಬ್ಯಾಡಾಗಿತ್ತು, ಹೌದಲ್ರಿ?"

"ಹೌದು ಸಾರ್. ಬೆಳಗ್ಗೆಯಿಂದ ಆರು ಲೋಟ ಆಯ್ತು. ಯಾಕೆ?"

ನಾನು ಎಲ್ಲ ಹೇಳಿದೆ. ನಮ್ಮೂರಲ್ಲಿ ಬೋರಲು ಲೋಟಕ್ಕೆ ಅರ್ಥ ಬೇರೆ ಎಂದು ಹೇಳಿದೆ. ನಿಮಗೆ ಗೊತ್ತಿಲ್ಲವೆಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಕೂಗಿದೆ, ಯಾಕೆಂದರೆ ಅಕ್ಕೋರ ಹತ್ತಿರ ಕಲಿಯಬೇಕಾದವಳು ನನ್ನ ಮಗಳು, ಅಗೋ ಅಲ್ಲಿ ಗೋಡೆಗೆ ಒರಗಿ ನಿಂತಿದ್ದಾಳೆ ಎಂದೂ ಹೇಳಿದೆ. ಮೂವತ್ತು ವರ್ಷ ಕಾಪಾಡಿಕೊಂಡು ಬಂದ ಹೆಸರು ಆ ಎರಡು ನಿಮಿಷದಲ್ಲಿ ಹೋಯಿತು ಎಂದುಕೊಂಡೆ.

"ಏನ್ ರಾಚಣ್ಣ, ನಿನಗ ಬಾಯಿ ಮುಚ್ಕೊಂಡು ಕುಂದ್ರಾಕ ಬರಂಗಿಲ್ಲೇನ?" ಇಮಾಮಸಾಬ ಸಿಡಿದ. "ಮದ್ಲ ಕೂಗಬಾರದಿತ್ತು. ಕೂಗಿದ ಮ್ಯಾಲ ಹೇಳಬಾರದಿತ್ತು. ಎರಡೂ ಕಡಿ ಕೆಡಿಸಿದಿ ನೋಡು!"

ಅಕ್ಕೋರು ಸಹಿ ಹಾಕಿದ ಕಾಗದವನ್ನು ನನ್ನ ಕಡೆ ತಳ್ಳಿದರು. "ಹರದ್ಹಾಕು ಇದನ್ನ. ತಿಳೀದ ಕೊಟ್ಟದ್ದು ನನಗ ಬ್ಯಾಡ. ಎಲಿ ಹಾಕು, ಆಡೋಣ." ಅವರ ದನಿ ಎಂದಿನ ಹಾಗೆ ಗಟ್ಟಿಯಾಗಿತ್ತು. ಬಿದ್ದ ಲೋಟವನ್ನು ಹಿಂತೆಗೆದುಕೊಳ್ಳುವ ರೀತಿ ಒಂದೇ, ಅದನ್ನು ಎತ್ತಿಟ್ಟು ಮತ್ತೆ ಚಹಾ ತುಂಬುವುದು. ನಾನು ಗೌಡರ ಲೋಟ ಎತ್ತಿಟ್ಟೆ, ಕಂಠಮಟ್ಟ ಚಹಾ ಸುರಿದೆ. ಕಸ್ತೂರಿ ಮುಖ ಗೋಡೆಗೆ ತಿರುಗಿಸಿಕೊಂಡಳು.

ಗೌಡರು ಆವಿಯಾಡುವ ಆ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಅಕ್ಕೋರ ಕಡೆ ತಿರುಗಿ, ನಮ್ಮೂರಲ್ಲಿ ಯಾರೂ ಯಾವತ್ತೂ ಕೇಳದ ಪ್ರಶ್ನೆಯನ್ನು ಕೇಳಿಬಿಟ್ಟರು. "ಅಮ್ಮ, ತಪ್ಪು ತಿಳ್ಕೋಬೇಡಿ. ನಲವತ್ತೇ ಯಾಕೆ?"

ಜನ ಇಸ್ಸಿ ಎಂದರು. ಯಾರೋ ಎದ್ದು ಹೊರಗೇ ಹೋದರು. ಅಕ್ಕೋರಿಗೆ ಸಿಟ್ಟು ಬರುತ್ತದೆಂದು ನಾನು ಹೆದರಿದೆ. ಬರಲಿಲ್ಲ. ಯಾರಾದರೂ ಕೇಳಲಿ ಎಂದು ಎಷ್ಟು ದಿನದಿಂದ ಕಾದಿದ್ದರೋ ಏನೋ, ಅವರು ಹೇಳತೊಡಗಿದರು. ಗುರುಗಳ ಮನೆಯ ಜಗಲಿ, ಮೊದಲ ಹದಿನೈದು ಸಂಜೆ ಬರೀ ರಿಷಭ ಸ್ವರ ಹಚ್ಚುವುದನ್ನು ಕಲಿತದ್ದು, ತಪ್ಪಿದಾಗ ಗುರುಗಳು ಬೈಯದೆ ಎದ್ದು ಒಳಗೆ ಹೋಗುತ್ತಿದ್ದದ್ದು, ನಲವತ್ತನೆಯ ದಿನ ಅವರು ಕೂತಲ್ಲೇ ಕಣ್ಣು ಮುಚ್ಚಿ ತಲೆದೂಗಿದ್ದು. ಗಂಟಲಿನ ಗಂಟಿನ ವಿಷಯವನ್ನೂ ಹೇಳಿದರು. "ಅವರು ನನ್ನ ಕೈಯಾಗ ಇಟ್ಟದ್ದು ಅದ ಒಂದು. ನಾ ಅದನ್ನ ಇನ್ನೊಬ್ಬರ ಕೈಯಾಗ ಇಡಬೇಕು. ನನಗ ಗಾಳಿ ಬೀಸಿಕೊಂಡು ಕೂಡ್ಲಿಕ್ಕೆ ಸಂಜಿ ಬೇಕಾಗಿಲ್ರೀ ಗೌಡರ" ಅಂದರು. ಗಾಳಿ ಬೀಸಿಕೊಂಡು ಕೂರಲು ಬಂದಿದ್ದ ಇಮಾಮಸಾಬ ನೆಲ ನೋಡಿದ.

ಗೌಡರು ಲೋಟ ಎತ್ತಿದರು. ಚಹಾ ಕುಡಿದರೆ ಆಟ ಮುಂದುವರಿಯಿತು ಎಂದು ಅರ್ಥ. ಅವರು ಆ ಏಳನೇ ಚಹಾವನ್ನು ಊದಿ ಊದಿ, ಮುಖ ಹುಳ್ಳಗೆ ಮಾಡಿಕೊಂಡು ಪೂರ್ತಿ ಕುಡಿದರು. ಆಮೇಲೆ ಎಲ್ಲರೂ ನೋಡುವ ಹಾಗೆ ಲೋಟವನ್ನು ತಿರುಗಿಸಿ ಮೇಜಿನ ಮೇಲೆ ಬೋರಲು ಹಾಕಿದರು.

"ನಮ್ಮ ಕಡೆ ಹೀಗೆ ಹಾಕಿದ್ರೆ 'ನನಗೆ ಸಾಕು' ಅಂತ ಅರ್ಥ ಸಾರ್," ಎಂದರು ನನಗೆ. "ನಿಮ್ಮೂರಿನ ಅರ್ಥಾನೂ ಅಷ್ಟೇನ್ ಬೇರೆ ಇಲ್ಲ ಬಿಡಿ."

ನಾನು ಬಾಯಿ ತೆರೆಯುವ ಮೊದಲೇ ಇಮಾಮಸಾಬ ಎದ್ದು ನಿಂತು "ಲೋಟ ಬಿತ್ರೋ!" ಎಂದು ಕೂಗಿದ. ನಾನಿನ್ನೂ ಹರಿಯದೆ ಇಟ್ಟಿದ್ದ ಕಾಗದದಲ್ಲಿ ಗೌಡರು ಐವತ್ತಕ್ಕೆ ಸಹಿ ಹಾಕಿದರು. ಮನೆಯಲ್ಲಿ ಹೆಂಡತಿಗೆ ಏನು ಹೇಳುತ್ತಾರೋ ಎಂದು ಆ ಸಡಗರದಲ್ಲಿ ನಾವು ಯಾರೂ ಯೋಚಿಸಲಿಲ್ಲ. ಅಕ್ಕೋರು ಯೋಚಿಸಿದ್ದರು. ಹೊರಡುವಾಗ ಗೌಡರ ಹತ್ತಿರ ಹೋಗಿ, "ನಾಳಿಂದ ನಿಮ್ಮ ಮನಿಯವರನ್ನ ಕಳಸ್ರಿ. ದೀಪ ತಗೊಂಡು ಬರ್ಲಿ. ನನ್ನ ನಲವತ್ತು ಮುಗಿಯೂತನಕ ನಿಮ್ಮ ಐವತ್ತು ಹಂಗ ಇರ್ಲಿ" ಅಂದರು. ನಲವತ್ತೂ ಐವತ್ತೂ ಸೇರಿದರೆ ಮೂರು ತಿಂಗಳು. ಗೌಡರು ಆ ಲೆಕ್ಕವನ್ನು ಬೆರಳಲ್ಲಿ ಮಾಡಿ, ಮತ್ತೊಮ್ಮೆ ಮಾಡಿ, ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಚೆಲುವಮ್ಮ ಬಂದಳು. ಬೇರೆಯವರ ಸಂಜೆಯಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು ಕೂತು ಏಳಬೇಕು ಎಂದು ಯಾರೋ ಆಕೆಗೆ ಹೇಳಿಕೊಟ್ಟಿದ್ದರು. ಮೊದಲ ದಿನ ಗಡಿಬಿಡಿಯಲ್ಲಿ ಕುಡಿದು ಎದ್ದಳು. ಮಾರನೆಯ ದಿನದಿಂದ ಅಕ್ಕೋರು ಚಹಾ ಕೊಡುವುದನ್ನೇ ನಿಲ್ಲಿಸಿದರು. "ಚಹಾನ ಕೊಟ್ಟಿಲ್ಲ, ಹೆಂಗ ಏಳ್ತಿ? ಕೂಡು ಸುಮ್ನ." ಗೋಡೆ ಕೆಂಪಾಗುವಾಗ ಕಸ್ತೂರಿ ರಿಷಭಕ್ಕೆ ತಡಕಾಡುತ್ತಿದ್ದಳು, ಅಂಗಳ ಮಸುಕಾಗುವಾಗ ಚೆಲುವಮ್ಮ ಸರಿಯಾದ ಗಳಿಗೆಗೆ ಹೊಸಿಲಲ್ಲಿ ದೀಪ ಇಡುತ್ತಿದ್ದಳು. ನಾನು ಬೇಲಿಯ ಆಚೆ, ನನ್ನ ಪಾಲಿನ ಕತ್ತಲಲ್ಲಿ ನಿಂತು ಕೇಳುತ್ತಿದ್ದೆ. ಅಷ್ಟು ಕೇಳಲು ಸಿಕ್ಕಿದ್ದೇ ನನ್ನ ಪುಣ್ಯ ಎಂದುಕೊಳ್ಳುತ್ತಿದ್ದೆ. ಸ್ವರ ಸಿಗದೆ ಇಪ್ಪತ್ತು ದಿನ ಕಸ್ತೂರಿ ಅತ್ತಳು, ಆಮೇಲೆ ಅಳಲಿಲ್ಲ. ಮೂವತ್ತೈದರ ಹೊತ್ತಿಗೆ ಅಕ್ಕೋರ ದನಿ ಒಡೆಯತೊಡಗಿತು. ಕೊನೆಯ ದಿನಗಳಲ್ಲಿ ಅವರು ಬೆರಳಿನಿಂದಲೇ ಸ್ವರದ ದಾರಿ ತೋರಿಸಿದರು.

ನಲವತ್ತನೆಯ ಸಂಜೆ ಅಕ್ಕೋರು ನನ್ನನ್ನೂ ಗೌಡರನ್ನೂ ಒಳಗೆ ಕರೆದರು. ಇಮಾಮಸಾಬ ಕರೆಯದೆಯೇ ಬಂದ, ಕೂರಲು ತಾನೇ ಹೊಲಿದ ಹೊಸ ಗಾದಿ ತಂದಿದ್ದ. ಕಸ್ತೂರಿ ಆ ಚೀಜನ್ನು ಮೊದಲಿಂದ ಕೊನೆಯ ತನಕ ಒಬ್ಬಳೇ ಹಾಡಿದಳು. ಷಡ್ಜವನ್ನು ಮುಟ್ಟದೆ, ಮುಟ್ಟದೆ, ಸುತ್ತಮುತ್ತ ತಿರುಗಿ ನಮ್ಮನ್ನೆಲ್ಲ ಕಾಯಿಸಿ, ಅಂಗಳದ ಕೊನೆಯ ಬೆಳಕು ಹೋಗುವ ಹೊತ್ತಿಗೆ ಸರಿಯಾಗಿ ಅದರ ಮೇಲೆ ಬಂದು ನಿಂತಳು. ಅಕ್ಕೋರು ಕಣ್ಣು ಮುಚ್ಚಿ ತಲೆದೂಗಿದರು. ನನಗೆ ಬಿಕ್ಕಳಿಕೆಯ ಹಾಗೆ ಅಳು ಬಂತು, ತಡೆಯಲು ಹೋಗಲಿಲ್ಲ.

"ಇನ್ನೊಂದ್ ಸಲ ಹಾಡ್ತೀಯಾ ತಾಯಿ?" ಕತ್ತಲಲ್ಲಿ ಗೌಡರು ಕೇಳಿದರು.

"ಹೊತ್ತು ಮುಗೀತು," ಎಂದರು ಅಕ್ಕೋರು, ಗಾಳಿಯಷ್ಟೇ ಉಳಿದಿದ್ದ ದನಿಯಲ್ಲಿ. "ನನ್ನ ನಲವತ್ತೂ ಮುಗದಾವ."

"ನಾಳೆಯಿಂದ ನಮ್ಮನೇಲಿ ಇರುತ್ತಲ್ಲಮ್ಮ, ಐವತ್ತು," ಎಂದಳು ಚೆಲುವಮ್ಮ. "ಅಲ್ಲಿಗೆ ಬನ್ನಿ. ನಾನೂ ಟೀ ಕೊಡಲ್ಲ."

ಇನ್ನೊಬ್ಬರ ಸಂಜೆಯಲ್ಲಿ ಕಾಲಿಡಲೂ ಹಿಂಜರಿಯುತ್ತಿದ್ದ ವೇಣೂಬಾಯಿ ಅಕ್ಕೋರು ಕತ್ತಲಲ್ಲಿ ತಡಕಾಡಿ ಆ ಹೆಣ್ಣುಮಗಳ ಕೈ ಹಿಡಿದುಕೊಂಡರು, "ಬರ್ತೀವಿ" ಅಂದರು.